ಎಳೆಯ ಬೆನ್ನು

ಇಳಿಜಾರಿನ ಅರ್ಧದಲ್ಲಿ ಕುದುರೆಯನ್ನು ನಿಲ್ಲಿಸಿ ಸೆಖೋಬೆ ಅದರ ಬೆನ್ನಿಗೆ ಅಂಗೈ ಒತ್ತಿದ. ಜೀನು ಹಾಕಿರಲಿಲ್ಲ. ಮಡಿಸಿದ ಕಂಬಳಿಯ ಮೇಲೆ ಅರ್ಧ ಮೂಟೆ ಮೆಕ್ಕೆಜೋಳ ಅಡ್ಡ ಕಟ್ಟಿದ್ದ. ಮೂಟೆಯನ್ನು ತುಸು ಹಿಂದಕ್ಕೆ ಸರಿಸಿ, ಬೆನ್ನೆಲುಬಿನ ಎರಡು ಪಕ್ಕಕ್ಕೂ ಬೆರಳೂರುತ್ತ ಸೊಂಟದವರೆಗೆ ಹೋದ. ಸುಗ್ಗಿಗೆ ಮುಂಚೆ ಹೆಗಲ ಹಿಂದೆ ಮುಷ್ಟಿ ಹಿಡಿಸುವಂಥ ಗುಳಿಯಿತ್ತು. ಈಗ ಅದು ಅರ್ಧ ತುಂಬಿತ್ತು. ಒತ್ತಿದರೆ ಮಾಂಸ ಬೆರಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಆದರೆ ಸೊಂಟದ ಹತ್ತಿರ, ಸವಾರನ ಭಾರ ಕೂರುವಲ್ಲಿ, ಇನ್ನೂ ಕಲಸಿದ ಹಿಟ್ಟಿನಷ್ಟೇ ಮೆದು.

"ಏನ್ ಸೆಖೋಬೆ, ಮದುವಣಗಿತ್ತಿಗೆ ಕಾಲು ನೋವಂತಾ?"

ಮೇಲಿನಿಂದ ಮೊಹಾಪಿಯ ದನಿ. ಹಿಂದೆಯೇ ನಗು. ಊರಿನ ಗಂಡಸರೆಲ್ಲ ಚಳಿಗಾಲದ ರೇಸಿಗೆ ಹೊರಟಿದ್ದರು. ಕುದುರೆಗಳ ಬಾಲ ಹೆಣೆದಿತ್ತು, ಕಂಬಳಿಗಳು ಒಗೆದು ಮಡಿಯಾಗಿದ್ದವು. ಮುಂದೆ ತನ್ನ ಕರಿ ಕುದುರೆಯ ಮೇಲೆ ಮೊಹಾಪಿ, ಹುಲ್ಲಿನ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದ. ಸೆಖೋಬೆಯ ಮನೆಯ ಗೋಡೆಗೂ ಅವನ ದೊಡ್ಡಿಗೂ ನಡುವೆ ಒಂದು ಕಾಲುದಾರಿ ಮಾತ್ರ. ಚಿಕ್ಕಂದಿನಿಂದ ಒಟ್ಟಿಗೆ ದನ ಕಾಯ್ದವರು, ಒಟ್ಟಿಗೆ ಜಗಳವಾಡಿದವರು.

"ನಡೀ ನಡೀ, ದಾರಿ ಬಿಟ್ಟಿದೀನಿ," ಎಂದ ಸೆಖೋಬೆ.

"ನಾಲ್ಕು ವರ್ಷ ತುಂಬಿದ ಕುದುರೆ ಕಣೋ ಅದು! ಆ ವಯಸ್ಸಿನ ಕುದುರೆ ಮೇಲೆ ನಮ್ಮಪ್ಪ ಎರಡು ರೇಸು ಗೆದ್ದು, ಬರ್ತಾ ಒಬ್ಬಳು ಹೆಂಡ್ತೀನೂ ಕರ್ಕೊಂಡ್ ಬಂದಿದ್ದ."

"ಆಮೇಲೆ ಆ ಕುದುರೆ ಎಷ್ಟು ದಿನ ಬಾಳ್ತು?"

"ಹೆಂಡ್ತಿ ಬಾಳಿದಳಲ್ಲ, ಸಾಕು ಬಿಡು!"

ಎಲ್ಲರೂ ಮತ್ತೆ ನಕ್ಕರು. ಹತ್ತಿರ ಬಂದಾಗ ಮೊಹಾಪಿ ಕುದುರೆಯ ಮೇಲಿಂದಲೇ ಬಗ್ಗಿ ದನಿ ತಗ್ಗಿಸಿದ. "ಮಗಳು ನಲೇದಿ ಬಂದಿದಾಳಲ್ಲ, ಚೊಚ್ಚಲು. ದಿನ ತುಂಬೋಕೆ ಇನ್ನೂ ಒಂದು ತಿಂಗಳು ಇದೆ ಅಂತಾಳೆ ಸೂಲಗಿತ್ತಿ ಅಜ್ಜಿ. ರೇಸು ಮುಗಿಸ್ಕೊಂಡು ಬಂದು ನಾನೇ ಕ್ಲಿನಿಕ್ಕಿಗೆ ಕರ್ಕೊಂಡ್ ಹೋಗಿ ಬಿಡ್ತೀನಿ. ಅಲ್ಲೀತನಕ ಒಂದ್ ಕಣ್ಣಿಟ್ಟಿರು."

"ಹೋಗ್ ಬಾ. ನಾನೆಲ್ಲಿಗೆ ಹೋಗ್ತೀನಿ."

ಕುದುರೆಗಳು ಒಂದೊಂದಾಗಿ ಇಳಿದವು. ಸಾಲಿನ ಕೊನೆಯಲ್ಲಿ ಮೇಲಿನ ಕೇರಿಯ ರಂಚೋನ ಹೇಸರಗತ್ತೆ, ಪಾತ್ರೆ ಪಡಗವನ್ನೆಲ್ಲ ಹೊತ್ತು ಕಣಕಣ ಸದ್ದು ಮಾಡುತ್ತ ಬಂತು. ಸೆಖೋಬೆ ಅದಕ್ಕೂ ದಾರಿ ಬಿಟ್ಟು, ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ.

ಕುದುರೆಯ ಹೆಸರು ಲೆರೋಲೆ. ಧೂಳು ಎಂದು ಅರ್ಥ. ಬಣ್ಣವೂ ಹಾಗೇ ಇತ್ತು. ಸೆಖೋಬೆ ಬೇರೆಯವರ ಕುದುರೆಗಳನ್ನು ತಿದ್ದುತ್ತಲೇ ಕೂದಲು ಹಣ್ಣಾದವನು. ಅವನ ಕೈಯಲ್ಲಿ ತಯಾರಾದ ಕುದುರೆ ಈ ಬೆಟ್ಟಸಾಲಿನ ಊರೂರಲ್ಲೂ ಇತ್ತು. ಸ್ವಂತದ್ದು ಎಂದು ಇದ್ದುದು ಒಂದು ಮುದಿ ಹೆಣ್ಣುಕುದುರೆ. ಅದು ಈ ಮರಿಯನ್ನು ಹಾಕಿ ಅದೇ ವಾರ ಸತ್ತಿತ್ತು. ಮೇಕೆಯ ಹಾಲು ಕುಡಿಸಿ ಸಾಕಿದ್ದು ಅವನ ಹೆಂಡತಿ ಮಾಥುಸೊ. ಮಗ ಥುಸೊ ಗಡಿಯಾಚೆ ಉಣ್ಣೆ ಕತ್ತರಿಸುವ ಕೆಲಸಕ್ಕೆ ಹೋದಮೇಲೆ ಮನೆಯಲ್ಲಿ ಇದ್ದವರು ಇವರಿಬ್ಬರು ಮತ್ತು ಈ ಕುದುರೆ.

ಸುಗ್ಗಿ ಮುಗಿದಾಗಿನಿಂದ ಸೆಖೋಬೆ ಅದನ್ನು ನಡೆಸುತ್ತಿದ್ದ. ಓಡಿಸುತ್ತಿರಲಿಲ್ಲ, ಬರೀ ನಡಿಗೆ. ಮೊದಮೊದಲು ಬರಿಬೆನ್ನಲ್ಲಿ, ಹಗ್ಗ ಹಿಡಿದು, ಹೊಳೆಯ ಮರಳಿನಲ್ಲಿ. ಆಮೇಲೆ ಗುಡ್ಡ ಏರಿಸಿದ, ನೇರವಾಗಿ ಅಲ್ಲ, ಓರೆಯಾಗಿ, ಹಿಂಗಾಲು ಹೊಟ್ಟೆಯಡಿಗೆ ಬಂದು ಮೈಯನ್ನು ಎತ್ತಿ ತಳ್ಳುವ ಹಾಗೆ. ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಸಿದ. ಕುದುರೆ ತಲೆಯೆತ್ತಿ ಬೆನ್ನು ಬಗ್ಗಿಸಿದರೆ ಅಲ್ಲೇ ನಿಂತು, ಅದು ಕತ್ತು ಚಾಚಿ ತಲೆ ಕೆಳಗಿಡುವವರೆಗೆ ಕಾಯುತ್ತಿದ್ದ. ಬೆವರಿದ ಮಾರನೆಯ ದಿನ ಮೇಯಲು ಬಿಡುತ್ತಿದ್ದ.

"ನನ್ನ ಕಾಲನ್ನ ಒಂದಿನ ಹಿಂಗೆ ಮುಟ್ಟಿ ನೋಡಿದ್ಯಾ?" ಎಂದು ಮಾಥುಸೊ ಕೇಳುತ್ತಿದ್ದಳು, ಸಗಣಿಯ ಬೆಂಕಿಯ ಮೇಲೆ ಮುದ್ದೆ ತಿರುವುತ್ತ.

"ನೀನು ಬೆಳೆದು ಬಂದವಳು. ಇದು ಎಳೇದು."

"ಬಂದಾಗ ನಾನೂ ಎಳೇವಳೇ ಇದ್ದೆ."

ಅವನು ನಗುತ್ತಿದ್ದ. ಆದರೆ ಕುದುರೆಯ ವಿಷಯದಲ್ಲಿ ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಮಾಂಸ ಬೇಗ ಬರುತ್ತದೆ, ನರ ನಿಧಾನ, ಮೂಳೆ ಇನ್ನೂ ನಿಧಾನ. ಮೈ ತುಂಬಿತೆಂದು ಹತ್ತಿ ಕೂತವನು ಒಳಗಿನದನ್ನು ಮುರಿಯುತ್ತಾನೆ ಎನ್ನುತ್ತಿದ್ದ. ಈ ಚಳಿಗಾಲ ಮೂಟೆ, ವಸಂತಕ್ಕೆ ಜೀನು, ಮುಂದಿನ ಸುಗ್ಗಿಗೆ ಸವಾರಿ. ಅದರ ಮುಂದಿನ ಚಳಿಗಾಲ ಮೊಹಾಪಿಯ ಕರಿ ಕುದುರೆ ಲೆರೋಲೆಯ ಬಾಲ ನೋಡಿಕೊಂಡು ಓಡಬೇಕು. ಇದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಗಂಡಸರು ಹೋದ ಮಾರನೆಯ ಬೆಳಿಗ್ಗೆ ಮೋಡ ಬೆಟ್ಟದ ಹೆಗಲಿಗೆ ಇಳಿದಿತ್ತು. ಹಿಮದ ವಾಸನೆ ಬರುತ್ತಿತ್ತು. ಮೊಹಾಪಿಯ ಹೆಂಡತಿ, ನಲೇದಿಯ ತಾಯಿ ಮಾನಲೇದಿ, ತಲೆಗೆ ಏನೂ ಹೊದೆಯದೆ ಓಡಿ ಬಂದು ದೊಡ್ಡಿಯ ಕಲ್ಲುಗೋಡೆ ಹಿಡಿದು ನಿಂತಳು.

"ನ್ತಾತೆ," ಎಂದಳು, ಹಿರಿಯರನ್ನು ಕರೆಯುವ ಹಾಗೆ. "ನಲೇದಿಗೆ ಶುರುವಾಗಿದೆ. ರಾತ್ರಿಯಿಂದ ಹಲ್ಲು ಕಚ್ಚಿಕೊಂಡು ಮಲಗಿದ್ದಳು, ನನಗೂ ಹೇಳಿಲ್ಲ. ಮಗು ಅಡ್ಡ ಕೂತಿದೆ ಅಂತಾಳೆ ಅಜ್ಜಿ. ತನ್ನ ಕೈಲಾಗಲ್ಲ, ಕ್ಲಿನಿಕ್ಕಿಗೆ ಸಾಗಿಸಿ ಅಂತ ಕೂತುಬಿಟ್ಟಿದಾಳೆ."

"ಫೋನು?"

"ಈ ಮೋಡದಲ್ಲಿ ಎಲ್ಲಿ ಹಿಡಿಯುತ್ತೆ."

ಅವಳ ಕಣ್ಣು ಲೆರೋಲೆಯ ಮೇಲಿತ್ತು. ಕುದುರೆ ಹುಲ್ಲು ಅಗಿಯುವುದನ್ನು ಬಿಟ್ಟು ಅವಳತ್ತ ಕಿವಿ ನಿಮಿರಿಸಿತು. ಕ್ಲಿನಿಕ್ಕಿಗೆ ಹೋಗಲು ಹೊಳೆಗೆ ಇಳಿಯಬೇಕು, ದಾಟಬೇಕು, ಎದುರಿನ ಬೆಟ್ಟದ ಕಣಿವೆ ಬಾಯಿಯವರೆಗೆ ಏರಬೇಕು, ಮತ್ತೆ ಆಚೆಗೆ ಬರೀ ಕಲ್ಲಿನ ಇಳುಕಲು. ಬೆಳೆದ ಕುದುರೆಗೂ ಅದು ಹುಡುಗಾಟವಲ್ಲ.

"ಇದು ಇನ್ನೂ ಆಳು ಹೊತ್ತಿಲ್ಲ, ಮ್ಮೆ, ತಾಯೀ," ಎಂದ ಸೆಖೋಬೆ. "ಇಳುಕಲಲ್ಲಿ ಕಾಲು ತಪ್ಪಿದರೆ ಹುಡುಗೀನೂ ಹೋಗ್ತಾಳೆ. ರಂಚೋನ ಹೇಸರಗತ್ತೆ ಇದ್ದರೆ ಒಳ್ಳೇದು. ಗಟ್ಟಿ ಪ್ರಾಣಿ. ತಾಳು, ನೋಡ್ಕೊಂಡ್ ಬರ್ತೀನಿ."

"ಬೇಗ, ನ್ತಾತೆ."

ಅವನು ಹೊದ್ದ ಕಂಬಳಿಯ ಪಿನ್ನು ಸಿಕ್ಕಿಸಿಕೊಂಡು ಮೇಲಿನ ಕೇರಿಯ ದಾರಿ ಹಿಡಿದ. ಏರು ದಾರಿ. ನಡೆಯುತ್ತಲೇ ಇದ್ದ; ಓಡಲಿಲ್ಲ. ಇಬ್ಬನಿ ಹೆಪ್ಪುಗಟ್ಟಿದ ಕೆಸರಿನಲ್ಲಿ ಹೇಸರಗತ್ತೆಯ ಗೊರಸಿನ ಗುರುತುಗಳು ಅವನಿಗೆ ಎದುರಾಗಿ, ಕೆಳಮುಖವಾಗಿ ಬರುತ್ತಿದ್ದವು. ಅವನು ಅವುಗಳ ಪಕ್ಕದಲ್ಲೇ ಹತ್ತಿದ. ಯಾರಿಗೆ ಗೊತ್ತು, ರಂಚೋ ಹಿಂದಿರುಗಿರಬಹುದು. ಹೊಳೆಯ ಬಳಿ ಏನೋ ಮರೆತದ್ದು ನೆನಪಾಗಿ ವಾಪಸ್ಸು ಬಂದಿರಬಹುದು. ಜನ ಹಾಗೆ ಬರುವುದುಂಟು.

ರಂಚೋನ ದೊಡ್ಡಿ ಖಾಲಿಯಿತ್ತು. ಅವನ ಮುದಿ ತಾಯಿ ಬಾಗಿಲಲ್ಲಿ ಕೂತು ನಶ್ಯ ಏರಿಸುತ್ತಿದ್ದಳು.

"ನಿನ್ನೆ ನಿನ್ನೆದುರಿಗೇ ಹೋಯ್ತಂತಲ್ಲಪ್ಪ," ಎಂದಳು. "ನೀನು ಗುಡ್ಡದಲ್ಲಿದ್ದೆ, ನಮ್ಮ ಮೊಮ್ಮಗಳು ನೋಡಿದಾಳೆ."

"ಹೌದಾ, ಮ್ಮೆ," ಎಂದು ಅವನು ತಿರುಗಿದ.

ಕೆಳಗಿಳಿದು ಬರುವಷ್ಟರಲ್ಲಿ ಮೊದಲ ಹಿಮದ ಚೂರುಗಳು ಬೀಳುತ್ತಿದ್ದವು. ಮಾಥುಸೊ ಆಗಲೇ ಲೆರೋಲೆಗೆ ಜೀನು ಬಿಗಿದು ನಿಲ್ಲಿಸಿದ್ದಳು. ಗಂಡನ ಕೈಗೆ ಹಗ್ಗ ಇತ್ತಳು. ನಲೇದಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಬಂದರು. ಹೋದ ವರ್ಷ ಮದುವೆಯಾದ ಹುಡುಗಿ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹತ್ತಿಸುವಾಗ ಕುದುರೆ ಒಮ್ಮೆ ಪಕ್ಕಕ್ಕೆ ಸರಿದು, ಸೆಖೋಬೆಯ ದನಿ ಕೇಳಿ ನಿಂತಿತು. ಜೀವವಿರುವ ಭಾರ ಅದರ ಬೆನ್ನ ಮೇಲೆ ಕೂತದ್ದು ಅದೇ ಮೊದಲು. ಬೆನ್ನು ತುಸು ಕುಸಿದು ಮತ್ತೆ ಎದ್ದದ್ದು ಅವನಿಗೆ ಕಂಡಿತು.

ಹೊಳೆಯವರೆಗೆ ಅವನು ಮುಂದೆ ನಡೆದ. ಕುದುರೆಗೆ ಹೇಳಿಕೊಟ್ಟದ್ದನ್ನೆಲ್ಲ ಕುದುರೆ ಅವನಿಗೆ ತಿರುಗಿ ಕೊಡುತ್ತಿತ್ತು: ತಲೆ ಕೆಳಗೆ, ಹಿಂಗಾಲು ಒಳಗೆ, ಒಂದು ಹೆಜ್ಜೆ ಊರಿದ ಮೇಲೆ ಇನ್ನೊಂದು. ಮಾನಲೇದಿ ಗಂಟು ಹೊತ್ತು ಹಿಂದೆ ಬರುತ್ತಿದ್ದಳು. ಹೊಳೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಲೆರೋಲೆ ಮೂಸಿ ನೋಡಿ ನೀರಿಗಿಳಿಯಿತು.

"ನ್ತಾತೆ, ನಿನ್ನ ಕುದುರೆ ನಡುಗ್ತಿದೆ," ಎಂದಳು ನಲೇದಿ.

"ಚಳಿಗೆ."

"ನಾನು ಭಾರ ಆದೆನಾ?"

"ನೀನೆಂಥ ಭಾರ ಮಗಳೇ. ನಮ್ಮ ಜೋಳದ ಮೂಟೆ ನಿನಗಿಂತ ಭಾರ."

"ಅಪ್ಪ ಹೇಳ್ತಿರ್ತಾನೆ," ಅವಳು ಉಸಿರೆಳೆದು ನೋವು ಇಳಿಯುವವರೆಗೆ ಕಾದಳು, "ಸೆಖೋಬೆಯ ಕುದುರೆ ಮೇಲೆ ನೊಣ ಕೂತ್ರೂ, ಎಷ್ಟು ತೂಕ ಇದೀಯ ಅಂತ ಕೇಳ್ತಾನೆ ಅಂತ."

"ನಿಮ್ಮಪ್ಪನಿಗೆ ಬಾಯಿ ಒಂದೇ ಇರೋದು."

ಅವಳು ನಗಲು ನೋಡಿದಳು. ಏರಿನ ಅರ್ಧದಲ್ಲಿ ಅವಳ ಮಾತು ನಿಂತಿತು. ಇನ್ನೂ ಸ್ವಲ್ಪ ಮೇಲೆ ಹೋದಾಗ ಕುದುರೆಯ ಕತ್ತಿನ ಮೇಲೆ ಬಗ್ಗಿದವಳು ಹಾಗೇ ಒಂದು ಪಕ್ಕಕ್ಕೆ ಜಾರಿದಳು. ಸೆಖೋಬೆ ಓಡಿಹೋಗಿ ತೋಳಿನಲ್ಲಿ ತಡೆದ. ಜೀನಿನ ಮೇಲೆ ಕೆಂಪು ಒದ್ದೆ, ಹಿಮದ ಮೇಲೂ ತೊಟ್ಟುತೊಟ್ಟಾಗಿ ಬಿದ್ದಿತ್ತು. ಹಿಂದೆ ತಿರುಗಿ ನೋಡಿದರೆ ಮಾನಲೇದಿ ಎಲ್ಲೂ ಕಾಣಲಿಲ್ಲ. ಬಿಳಿಯ ಹೊರತು ಏನೂ ಇರಲಿಲ್ಲ.

ಅವಳನ್ನು ಎತ್ತಿ ಹಿಡಿದುಕೊಳ್ಳಲು ಹಿಂದೆ ಒಬ್ಬರು ಕೂರಲೇಬೇಕಿತ್ತು. ಸೆಖೋಬೆ ಕುದುರೆಯ ಹಣೆಗೆ ಒಮ್ಮೆ ಕೈಯಿಟ್ಟ. ಆಮೇಲೆ ಕಲ್ಲೊಂದರ ಮೇಲೆ ನಿಂತು, ಜೀನಿನ ಹಿಂದೆ ಹತ್ತಿ ಕೂತ. ತಾನು ಬೆರಳೂರಿ ಬೇಡ, ಇನ್ನೂ ಬೇಡ ಎಂದುಕೊಳ್ಳುತ್ತಿದ್ದ ಅದೇ ಜಾಗದ ಮೇಲೆ.

ಲೆರೋಲೆ ನಿಂತೇ ಇತ್ತು. ಅವನು ಹಿಮ್ಮಡಿ ಒತ್ತಿದ. ಅದಕ್ಕೆ ಹಿಮ್ಮಡಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಅವನ ನಾಲಗೆಯ ಸದ್ದು ಮಾತ್ರ ಗೊತ್ತಿತ್ತು. ಆ ಸದ್ದು ಮಾಡಿದ. ಕುದುರೆ ಹತ್ತತೊಡಗಿತು. ಕಣಿವೆ ಬಾಯಿಗೆ ಬರುವಷ್ಟರಲ್ಲಿ ಅದರ ಉಸಿರು ತಿದಿಯೊತ್ತಿದಂತೆ ಕೇಳುತ್ತಿತ್ತು. ತೊಡೆಯಡಿಯಲ್ಲಿ ಒಂದೊಂದು ಸ್ನಾಯುವಿನ ಕೆಲಸವೂ ಅವನಿಗೆ ತಿಳಿಯುತ್ತಿತ್ತು. ಯಾವುದು ಯಾವ ತಿಂಗಳು ಬಂದದ್ದು, ಹೊಳೆಯ ಮರಳಿನದು ಯಾವುದು, ಗುಡ್ಡದ್ದು ಯಾವುದು. ಒಂದಾದ ಮೇಲೊಂದು ಅವು ಸೋಲುವುದೂ ತಿಳಿಯುತ್ತಿತ್ತು. ಬೆನ್ನು ಕೆಳಗೆ ಬಗ್ಗಿತು. ತಲೆ ಮೇಲೆದ್ದಿತು.

ಆಚೆಯ ಇಳುಕಲಿನಲ್ಲಿ ಅವನು ಓಡಿಸಿದ. ತೋಳಿನಲ್ಲಿದ್ದ ಹುಡುಗಿ ಕೂಗುವುದನ್ನೂ ಬಿಟ್ಟಿದ್ದಳು. ಕಲ್ಲು ಜಾರುತ್ತಿತ್ತು. ಒಂದು ಕಡೆ ಮುಂಗಾಲು ಎರಡು ಬಂಡೆಗಳ ನಡುವೆ ಇಳಿದು ತಿರುಚಿ ಹೊರಬಂತು. ಅವನಿಗೆ ಅದು ಕಿವಿಗೆ ಕೇಳಿದ್ದಲ್ಲ, ಕೂತಲ್ಲೇ ಮೈಗೆ ತಿಳಿದದ್ದು. ಅಲ್ಲಿಂದ ಮುಂದೆ ಲಯ ತಪ್ಪಿತು. ಲೆರೋಲೆ ನಿಲ್ಲಲಿಲ್ಲ. ಅವನೂ ನಿಲ್ಲಿಸಲಿಲ್ಲ.

ಕ್ಲಿನಿಕ್ಕಿನಲ್ಲಿ ಇಬ್ಬರು ನರ್ಸುಗಳು ಹುಡುಗಿಯನ್ನು ಇಳಿಸಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಸೆಖೋಬೆ ತನ್ನ ಕಂಬಳಿಯನ್ನು ಕುದುರೆಗೆ ಹೊದಿಸಿ ಬೇಲಿಯ ಬಳಿ ನಿಂತ. ಅದು ಎಡ ಮುಂಗಾಲನ್ನು ನೆಲಕ್ಕೆ ಮುಟ್ಟಿಸುತ್ತಿತ್ತು, ಊರುತ್ತಿರಲಿಲ್ಲ. ಗೆಣ್ಣಿನ ಮೇಲಿನ ನರ ಆಗಲೇ ಬಿಲ್ಲಿನ ಹಾಗೆ ಉಬ್ಬಿತ್ತು. ಹಿಮ ಬಾಚಿ ತಂದು ಅದಕ್ಕೆ ಒತ್ತುತ್ತ ಕೂತ. ಬೆರಳು ಮರಗಟ್ಟಿದವು, ಮತ್ತೆ ಬಾಚಿದ, ಮತ್ತೆ ಒತ್ತಿದ.

ಬಹಳ ಹೊತ್ತಿನ ಮೇಲೆ ಚಿಕ್ಕ ನರ್ಸು ಹೊರಗೆ ಬಂದಳು. ಬಯಲು ಸೀಮೆಯ ಹುಡುಗಿ. ತೋಳಿನವರೆಗೆ ತೊಳೆದುಕೊಂಡು ಬಂದಿದ್ದಳು.

"ನ್ತಾತೆ, ಮಗಳು ಬದುಕ್ತಾಳೆ. ರಕ್ತ ನಿಂತಿದೆ."

ಅವನು ತಲೆದೂಗಿದ.

"ಮಗು ಉಳೀಲಿಲ್ಲ. ಬಂದಾಗ ಎದೆಬಡಿತ ಇತ್ತು, ನಾನೇ ಕೇಳಿಸ್ಕೊಂಡೆ. ತಿರುಗಿಸಿ ತೆಗೆಯೋ ಹೊತ್ತಿಗೆ..." ಅವಳು ಏಪ್ರನ್ನಿಗೆ ಕೈ ಒರೆಸಿದಳು. ಕೈ ಒಣಗಿಯೇ ಇತ್ತು. "ಇನ್ನೊಂಚೂರು ಮುಂಚೆ ಬಂದಿದ್ರೆ ಅನ್ಸುತ್ತೆ. ಆದ್ರೆ ಈ ಹಿಮದಲ್ಲಿ ನೀವು ಬಂದಿದ್ದೇ ಹೆಚ್ಚು. ಬೇರೆ ಯಾರಾದ್ರೂ ಆಗಿದ್ರೆ ಹೊರಡ್ತಾನೇ ಇರ್ಲಿಲ್ಲ."

"ಎಷ್ಟು ಮುಂಚೆ?" ಎಂದು ಸೆಖೋಬೆ ಕೇಳಿದ.

"ಅದನ್ನ ಹೇಗೆ ಹೇಳೋದು, ನ್ತಾತೆ. ಒಳಗೆ ಬನ್ನಿ, ಬೆಂಕಿ ಇದೆ."

ಅವನು ಒಳಗೆ ಹೋಗಲಿಲ್ಲ.

ಮಾನಲೇದಿ ಕತ್ತಲಾಗುವ ಹೊತ್ತಿಗೆ ಕ್ಲಿನಿಕ್ಕು ಸೇರಿ ಮಗಳ ಬಳಿ ಉಳಿದಳು. ಹಿಮ ಕರಗಿದ ಮೇಲೆ ಸೆಖೋಬೆ ಲೆರೋಲೆಯನ್ನು ಊರಿಗೆ ನಡೆಸಿಕೊಂಡು ಬಂದ. ಸಂಜೆಯವರೆಗೂ ನಡೆದರು. ರೇಸಿನಿಂದ ಬಂದ ಮೊಹಾಪಿ ದಾರಿಯಲ್ಲೇ ಸುದ್ದಿ ಕೇಳಿ ಕ್ಲಿನಿಕ್ಕಿಗೆ ಹೋಗಿ, ಮಗಳನ್ನು ತನ್ನ ಕರಿ ಕುದುರೆಯ ಮೇಲೆ ಕರೆತಂದಿದ್ದ. ಮಾರನೆಯ ದಿನ ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತು ಸೆಖೋಬೆಯ ಅಂಗಳಕ್ಕೆ ಬಂದ. ಹಿಂದೆ ಊರವರೂ ಬಂದರು. ಮೊಹಾಪಿ ಕುರಿಯನ್ನು ಇಳಿಸಿ, ಟೋಪಿ ತೆಗೆದು ನಿಂತ. ಅವನನ್ನು ಹಾಗೆ ಯಾರೂ ನೋಡಿರಲಿಲ್ಲ.

"ನನ್ನ ಬಾಯಿಗೆ ಮಣ್ಣು ಹಾಕು, ಸೆಖೋಬೆ. ನಾನು ನಗಾಡಿದ ಕುದುರೆ ನನ್ನ ಮಗಳನ್ನ ಹೊತ್ಕೊಂಡ್ ಹೋಯ್ತು. ಅದರ ಗತಿ ಏನಾಗುತ್ತೆ ಅಂತ ಗೊತ್ತಿದ್ದೂ ಹತ್ತಿದೆಯಲ್ಲ ನೀನು. ನಾನಾಗಿದ್ರೆ..."

"ಮೊಹಾಪಿ, ಆವತ್ತು ಬೆಳಿಗ್ಗೆ ನಾನು..."

"ಏನೂ ಹೇಳ್ಬೇಡ. ಎಲ್ಲ ಗೊತ್ತು. ಹೇಸರಗತ್ತೆ ಹುಡುಕ್ಕೊಂಡು ಮೇಲಿನ ಕೇರಿಗೂ ಹೋಗಿದ್ಯಂತೆ. ನಾವು ದರಿದ್ರದವರು ಅದನ್ನೂ ಪಾತ್ರೆ ಹೊರೋಕೆ ಕರ್ಕೊಂಡ್ ಹೋಗಿದ್ವಿ." ಹಿಂದೆ ನಿಂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬ ಮುದುಕ ಸೆಖೋಬೆಯ ತಾತನ ಹೆಸರು ಹಿಡಿದು ಹೊಗಳತೊಡಗಿದ. ಸೆಖೋಬೆ ನೆಲ ನೋಡುತ್ತಿದ್ದ. ಕುದುರೆಯ ದುಃಖ, ಪಾಪ, ಎಂದು ಯಾರೋ ಪಿಸುಗುಟ್ಟಿದರು.

ಕುರಿ ಕೊಯ್ದರು. ಜೋಳದ ಹೆಂಡ ಬಂತು. ಮೊಹಾಪಿ ತನ್ನ ಕರಿ ಕುದುರೆಯ ಮುಂದಿನ ಮರಿ ನಿನ್ನದೇ ಎಂದು ಎಲ್ಲರೆದುರಿಗೆ ಮಾತು ಕೊಟ್ಟ. ಬೇಡ ಎಂದ ಸೆಖೋಬೆ. ಬೇಡ ಎಂದಷ್ಟೂ ಜನರ ಕಣ್ಣಲ್ಲಿ ಅವನು ದೊಡ್ಡವನಾಗುತ್ತ ಹೋದ.

ಎಲ್ಲರೂ ಹೋದ ಮೇಲೆ ಮಾಥುಸೊ ಬೆಂಕಿಯ ಪಕ್ಕ ಮುದ್ದೆ ತೆಗೆದಿಟ್ಟಳು. ಅವನು ಮುಟ್ಟಲಿಲ್ಲ.

"ಹೇಸರಗತ್ತೆ ಅವರ ಜೊತೆ ಹೋಗಿದ್ದನ್ನ ನೀನು ನೋಡಿರ್ಲಿಲ್ವಾ?" ಎಂದು ಅವಳು ಕೇಳಿದಳು. ಜಗಳದ ದನಿಯಲ್ಲ. ಉಪ್ಪು ಸರಿಯಿದೆಯಾ ಎಂದು ಕೇಳಿದ ಹಾಗಿತ್ತು.

"ನೋಡಿದ್ದೆ."

ಅವಳು ಎದ್ದು, ಬೆರಣಿ ತರಲು ಹೊರಗೆ ಹೋದಳು. ಬೆರಣಿ ಒಲೆಯ ಪಕ್ಕದಲ್ಲೇ ರಾಶಿಯಿತ್ತು. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಕುದುರೆಯ ಬಗ್ಗೆ ತಮಾಷೆ ಮಾಡುವುದನ್ನೂ ಬಿಟ್ಟಳು.

ಲೆರೋಲೆಯ ಊತ ಇಳಿಯಿತು, ಗಂಟು ಉಳಿಯಿತು. ಬೆನ್ನು ಮುಟ್ಟಿದರೆ ಚರ್ಮ ಅದುರಿ ಬೆನ್ನು ಕೆಳಕ್ಕೆ ಕುಸಿಯುತ್ತಿತ್ತು. ಹೆಗಲ ಹಿಂದಿನ ಗುಳಿ ಮತ್ತೆ ಕಾಣತೊಡಗಿತು. ಮೂಟೆಯನ್ನೂ ಹೊರಿಸುವ ಹಾಗಿರಲಿಲ್ಲ. ಸೆಖೋಬೆ ದಿನವೂ ದೊಡ್ಡಿಗೆ ಹೋಗಿ ಮೇವು ಹಾಕುತ್ತಿದ್ದ, ಕಾಲಿಗೆ ಕೊಬ್ಬು ಸವರುತ್ತಿದ್ದ. ಬೆನ್ನ ಮೇಲೆ ಕೈಯಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಕಾಲಿನ ಪಟ್ಟಿ ಬಿಚ್ಚುತ್ತಿದ್ದಾಗ ನಲೇದಿ ಬಂದಳು. ಹೆತ್ತ ಹೆಂಗಸು ಇನ್ನೂ ಹೊಸಿಲು ದಾಟಬಾರದ ದಿನಗಳು. ತಾಯಿಯ ಕಣ್ಣು ತಪ್ಪಿಸಿ ಬಂದಿರಬೇಕು. ಕಂಬಳಿಯನ್ನು ಗಲ್ಲದವರೆಗೆ ಹೊದ್ದಿದ್ದಳು. ಗೋಡೆಯ ಸಂದಿನಿಂದ ಒಳಗೆ ಬಂದು, ಕುದುರೆಯ ಎದುರಿಗೆ ನಿಂತಳು.

"ಇದಕ್ಕೆ ತುಂಬಾ ನೋಯ್ತಾ ಇದೆಯಾ, ನ್ತಾತೆ?"

"ಈಗ ಅಷ್ಟಿಲ್ಲ."

"ಅವತ್ತು ನನಗೆ ಏನೂ ನೆನಪಿಲ್ಲ. ಏರಿನಲ್ಲಿ ನೀನು ಅದರ ಜೊತೆ ಮಾತಾಡ್ತಿದ್ದಿದ್ದು ಮಾತ್ರ ನೆನಪಿದೆ. ಏನು ಹೇಳ್ತಿದ್ದೆ?"

"ನೆನಪಿಲ್ಲ ಮಗಳೇ."

ಅವಳು ಕೈ ಚಾಚಿದಾಗ ಕಂಬಳಿ ಹೆಗಲಿನಿಂದ ಜಾರಿತು. ರವಿಕೆಯ ಎದೆಯ ಭಾಗ ಎರಡೂ ಕಡೆ ಒದ್ದೆಯಾಗಿ ಮೈಗಂಟಿತ್ತು. ಅವಳು ಗಮನಿಸಲಿಲ್ಲ, ಅಥವಾ ಗಮನಿಸಿ ಗಮನಿಸಿ ಬಿಟ್ಟುಬಿಟ್ಟಿದ್ದಳು. ಲೆರೋಲೆ ಕತ್ತು ಚಾಚಿ ಮೂಗಿನ ಹೊಳ್ಳೆ ಅರಳಿಸಿ, ಆ ಒದ್ದೆಯನ್ನು ಮೂಸಿತು. ಮತ್ತೆ ಮೂಸಿತು. ಆಮೇಲೆ ತುಟಿಯಂಚಿನಿಂದ ಮೆಲ್ಲಗೆ ಅದನ್ನು ನೆಕ್ಕತೊಡಗಿತು.

ನಲೇದಿ ಹಿಂದೆ ಸರಿಯಲಿಲ್ಲ. ಕುದುರೆಯ ಹಣೆಗೆ ತನ್ನ ಹಣೆಯಾನಿಸಿ ನಿಂತಳು. ಸೆಖೋಬೆ ಮಂಡಿಯೂರಿದಲ್ಲೇ ಇದ್ದ, ಬಿಚ್ಚಿದ ಪಟ್ಟಿಯ ತುದಿ ಕೈಯಲ್ಲಿ, ತಲೆಯೆತ್ತದೆ.